ಉಬುಂಟು 24.04: ಸೆಕ್ಯೂರ್ ಬೂಟ್ ಆಫ್ ಮಾಡದೆಯೇ ವಿಂಡೋಸ್ ಜೊತೆ ಹಾಕಿಕೊಂಡೆವು

ವಿಂಡೋಸ್ 11 ಇರುವ ಲ್ಯಾಪ್‌ಟಾಪ್‌ಗೆ ಉಬುಂಟುವನ್ನೂ (ವಿಂಡೋಸ್‌ನಂಥದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್, ಲಿನಕ್ಸ್‌ನ ಒಂದು ಬಗೆ) ಹಾಕಬೇಕು ಅಂದರೆ ಎಲ್ಲರೂ ಹೇಳುವುದು ಒಂದೇ ಮಾತು: "ಮೊದಲು ಬಯೋಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿ." ಬಯೋಸ್ ಅಂದರೆ ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್‌ಗಳ ಜಾಗ, ಸೆಕ್ಯೂರ್ ಬೂಟ್ ಅಲ್ಲಿರುವ ಒಂದು ಕಾವಲು. ದಯವಿಟ್ಟು ಮಾಡಬೇಡಿ. ಅದರ ಅಗತ್ಯವೇ ಇಲ್ಲ. ಉಬುಂಟುವಿನಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದೇ ಇದು.

ನಾನು ದಾವಣಗೆರೆಯಲ್ಲಿ ಅಂಗಡಿಗಳ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಟ್ಯಾಲಿ, ಜಿಎಸ್‌ಟಿ ರಿಟರ್ನ್ ನನ್ನ ದಿನದ ಕೆಲಸ. ಟ್ಯಾಲಿಗೆ ವಿಂಡೋಸ್ ಬೇಕೇ ಬೇಕು. ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ, ಅವನ ಲ್ಯಾಬ್ ಪ್ರೋಗ್ರಾಂಗಳಿಗೆ ಲಿನಕ್ಸ್ ಬೇಕು. ಮನೆಯಲ್ಲಿರುವುದು ಒಂದೇ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್. ಕಂಪ್ಯೂಟರ್ ರಿಪೇರಿ ಅಂಗಡಿಯೊಂದರಲ್ಲಿ ವಿಚಾರಿಸಿದೆ. ಸೆಕ್ಯೂರ್ ಬೂಟ್, ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಎರಡನ್ನೂ ತೆಗೆದೇ ಹಾಕಿಕೊಡುತ್ತೇವೆ ಅಂದರು. ಹತ್ತಾರು ವ್ಯಾಪಾರಿಗಳ ಲೆಕ್ಕ ಆ ಡಿಸ್ಕ್‌ನಲ್ಲಿದೆ. ಬೇಡ ಅಂತ ಹೇಳಿ ಬಂದೆ. ನಾನೂ ಮಗನೂ ಕೂತು ಮನೆಯಲ್ಲೇ ಮಾಡಿಕೊಂಡೆವು.

ಸೆಕ್ಯೂರ್ ಬೂಟ್ ಮಾಡುವ ಕೆಲಸ ಇಷ್ಟು. ಪವರ್ ಬಟನ್ ಒತ್ತಿದ ಮೇಲೆ, ವಿಂಡೋಸ್ ಅಥವಾ ಲಿನಕ್ಸ್ ಶುರುವಾಗುವ ಮೊದಲು, ಶುರುವಾಗಲಿರುವ ಪ್ರೋಗ್ರಾಂಗೆ ಒಪ್ಪಿತ ಸಹಿ ಇದೆಯಾ ಅಂತ ನೋಡುತ್ತದೆ. ಇಲ್ಲದಿದ್ದರೆ ಬಿಡುವುದಿಲ್ಲ. ಆಂಟಿವೈರಸ್ ಏಳುವ ಮೊದಲೇ ಒಳಗೆ ಸೇರಿಕೊಳ್ಳುವ ಕೆಟ್ಟ ಪ್ರೋಗ್ರಾಂಗಳಿಗೆ ಇದು ತಡೆ. 2012ರಲ್ಲಿ ವಿಂಡೋಸ್ 8 ಜೊತೆ ಬಂದ ಕಂಪ್ಯೂಟರ್‌ಗಳಿಂದ ಇದು ಎಲ್ಲ ಕಡೆ ಹರಡಿತು. ಅದೇ ವರ್ಷ ಉಬುಂಟು 12.10ರಲ್ಲೇ ಇದಕ್ಕೆ ದಾರಿ ಮಾಡಿದ್ದರು. ಶಿಮ್ ಅನ್ನುವ ಪುಟ್ಟ ಪ್ರೋಗ್ರಾಂಗೆ ಮೈಕ್ರೋಸಾಫ್ಟ್‌ನ ಸಹಿ ಇರುತ್ತದೆ. ಶಿಮ್ ಮುಂದೆ ಗ್ರಬ್‌ಗೂ (ಯಾವ ಸಿಸ್ಟಮ್ ತೆರೆಯಬೇಕು ಅಂತ ಮೆನು ತೋರಿಸುವ ಪ್ರೋಗ್ರಾಂ) ಕರ್ನಲ್‌ಗೂ (ಉಬುಂಟುವಿನ ತಿರುಳು) ಉಬುಂಟುವಿನವರ ಸಹಿ ಇದೆಯಾ ಅಂತ ನೋಡುತ್ತದೆ. ಇಷ್ಟು ವರ್ಷಗಳಿಂದ ಇರುವ ಸೌಲಭ್ಯ ಇದು. ಆದರೂ "ಆಫ್ ಮಾಡಿ" ಅನ್ನುವ ಸಲಹೆ ಇನ್ನೂ ಹೋಗಿಲ್ಲ ಅಲ್ವಾ, ಅದು ಬೇಜಾರು.

ನಮಗೆ ಬಯೋಸ್‌ನಲ್ಲಿ ಬದಲಿಸಬೇಕಾಗಿದ್ದು ಒಂದೇ ಒಂದು ಸೆಟ್ಟಿಂಗ್. 2022ರಿಂದ ಈಚೆಗಿನ ಹಲವು ಥಿಂಕ್‌ಪ್ಯಾಡ್‌ಗಳಲ್ಲಿ ಸೆಕ್ಯೂರಿಟಿ ಮೆನುವಿನ ಸೆಕ್ಯೂರ್ ಬೂಟ್ ಪುಟದಲ್ಲಿ "ಅಲೋ ಮೈಕ್ರೋಸಾಫ್ಟ್ ಥರ್ಡ್ ಪಾರ್ಟಿ ಯುಇಎಫ್‌ಐ ಸಿಎ" ಅಂತ ಒಂದು ಸಾಲು ಇರುತ್ತದೆ. ಬೇರೆಯವರ ಪ್ರೋಗ್ರಾಂಗಳಿಗೆ ಮೈಕ್ರೋಸಾಫ್ಟ್ ಸಹಿ ಹಾಕುವ ಕೀಲಿ ಅದು. ಶಿಮ್‌ನ ಸಹಿ ಬರುವುದು ಈ ಥರ್ಡ್ ಪಾರ್ಟಿ ಕೀಲಿಯಿಂದ. ಈ ಸೆಟ್ಟಿಂಗ್ ಆಫ್ ಇದ್ದರೆ ಉಬುಂಟು ಪೆನ್‌ಡ್ರೈವ್ ಬೂಟ್ ಆಗುವುದೇ ಇಲ್ಲ. ಆನ್ ಮಾಡಿ, ಎಫ್10 ಒತ್ತಿ ಸೇವ್ ಮಾಡಿದೆವು. ಸೆಕ್ಯೂರ್ ಬೂಟ್ ಆನ್ ಆಗಿಯೇ ಉಳಿಯಿತು.

ನಿಜವಾಗಿ ಎಚ್ಚರ ಬೇಕಾಗಿರುವುದು ಬಿಟ್‌ಲಾಕರ್ ವಿಷಯದಲ್ಲಿ. ಬೂಟ್ ಸೆಟ್ಟಿಂಗ್ ಮುಟ್ಟಿದರೆ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ಇಲ್ಲ ಅಂದರೆ ಡಿಸ್ಕ್‌ನಲ್ಲಿರುವುದು ಯಾವುದೂ ಸಿಗುವುದಿಲ್ಲ. ಎಷ್ಟೋ ಜನಕ್ಕೆ ತಮ್ಮ ಲ್ಯಾಪ್‌ಟಾಪ್‌ನಲ್ಲಿ ಬಿಟ್‌ಲಾಕರ್ ಆನ್ ಇರುವುದೇ ಗೊತ್ತಿರುವುದಿಲ್ಲ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ವಿಂಡೋಸ್ 11 ಸೆಟಪ್ ಮಾಡಿದಾಗ ಅದು ತಾನಾಗಿಯೇ ಆನ್ ಆಗಿರಬಹುದು. ಆಗ ಕೀ ಆ ಅಕೌಂಟ್‌ನಲ್ಲೇ ಸಿಗುತ್ತದೆ. ಬಯೋಸ್ ಮುಟ್ಟುವ ಮೊದಲೇ ನಾನು ಅದನ್ನು ಲೆಡ್ಜರ್ ಪುಸ್ತಕದಲ್ಲಿ ಕೈಯಲ್ಲಿ ಬರೆದುಕೊಂಡೆ. ಟ್ಯಾಲಿ ಡೇಟಾವನ್ನು ಬೇರೆ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿದೆ. ಆಮೇಲೆ ಡಿವೈಸ್ ಎನ್‌ಕ್ರಿಪ್ಶನ್ (ಬಿಟ್‌ಲಾಕರ್ ಬೀಗದ ಸೆಟ್ಟಿಂಗ್) ಆಫ್ ಮಾಡಿ, ಅದು ಪೂರ್ತಿ ಮುಗಿಯುವವರೆಗೆ ಕಾದು, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಕುಗ್ಗಿಸಿ 100 ಜಿಬಿ ಬಿಡಿಸಿಕೊಂಡೆವು. ಉಬುಂಟು ಹಾಕಿ ಮುಗಿದ ಮೇಲೆ ಎನ್‌ಕ್ರಿಪ್ಶನ್ ಮತ್ತೆ ಆನ್ ಮಾಡಿದೆ. ಇದನ್ನು ಮರೆಯಬೇಡಿ, ಬೇರೆಯವರ ಲೆಕ್ಕ ಇಟ್ಟುಕೊಂಡವರಂತೂ ಮರೆಯಲೇಬಾರದು.

ಇನ್ನೊಂದು ಸೂಕ್ಷ್ಮ ಇದೆ. ಗ್ರಬ್ ಮೆನುವಿನಿಂದ ವಿಂಡೋಸ್ ತೆರೆದರೆ ಬಿಟ್‌ಲಾಕರ್ ಕೀ ಕೇಳುವುದುಂಟು, ಯಾಕೆಂದರೆ ವಿಂಡೋಸ್ ಶುರುವಾದ ದಾರಿ ಬೇರೆಯಾಗಿರುತ್ತದೆ. ಅದಕ್ಕೆ ಬಯೋಸ್‌ನ ಬೂಟ್ ಪಟ್ಟಿಯಲ್ಲಿ ವಿಂಡೋಸನ್ನೇ ಮೊದಲು ಇಟ್ಟಿದ್ದೇವೆ. ನಾನು ಬಟನ್ ಒತ್ತಿದರೆ ನೇರ ವಿಂಡೋಸ್. ಮಗ ಎಫ್12 ಒತ್ತಿ ಉಬುಂಟು ಆರಿಸಿಕೊಳ್ಳುತ್ತಾನೆ. ನನ್ನ ಕೆಲಸದ ದಾರಿಯಲ್ಲಿ ಏನೂ ಬದಲಾಗಿಲ್ಲ.

ಇನ್‌ಸ್ಟಾಲರ್ ಸರಳವಾಗಿದೆ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಾನು ಅಂಕ ಕಡಿಮೆ ಕೊಡುವುದು ನೀಲಿ ಪರದೆಗೆ. ಮಗ ವರ್ಚುವಲ್‌ಬಾಕ್ಸ್ (ಒಂದು ಕಂಪ್ಯೂಟರ್ ಒಳಗೆ ಇನ್ನೊಂದು ಸಿಸ್ಟಮ್ ನಡೆಸುವ ಪ್ರೋಗ್ರಾಂ) ಹಾಕುವಾಗ ಉಬುಂಟು ಒಂದು ಪಾಸ್‌ವರ್ಡ್ ಇಡಲು ಹೇಳಿತು. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬಂತು. 10 ಸೆಕೆಂಡಿನೊಳಗೆ ಯಾವುದಾದರೂ ಕೀ ಒತ್ತಿ, "ಎನ್‌ರೋಲ್ ಎಂಒಕೆ" ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ವರ್ಚುವಲ್‌ಬಾಕ್ಸ್‌ಗಾಗಿ ನಮ್ಮ ಕಂಪ್ಯೂಟರ್‌ನಲ್ಲೇ ತಯಾರಾದ ಡ್ರೈವರ್‌ಗೆ ನಮ್ಮದೇ ಕೀಲಿಯ ಸಹಿ ಹಾಕುವ ವ್ಯವಸ್ಥೆ ಇದು. ಒಳ್ಳೆಯ ವ್ಯವಸ್ಥೆಯೇ. ಆದರೆ ಹೊಸಬರು ಈ ಪರದೆ ನೋಡಿದರೆ ಗಾಬರಿಯಾಗುತ್ತಾರೆ. ಸುಮ್ನೆ ನೋಡುತ್ತಾ ಕೂತರೆ ಅವಕಾಶ ತಪ್ಪುತ್ತದೆ, ವರ್ಚುವಲ್‌ಬಾಕ್ಸ್ ನಡೆಯುವುದಿಲ್ಲ. ಏನು ಒತ್ತಬೇಕು ಅಂತ ಎರಡು ಸಾಲು ಮೊದಲೇ ಬಿಡಿಸಿ ಹೇಳಿದ್ದರೆ ಸಾಕಿತ್ತು.

ಅಪ್‌ಡೇಟ್‌ಗಳನ್ನೂ ಬಿಡಬೇಡಿ. 2024ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ಅಪ್‌ಡೇಟ್ ಒಂದು ಹಳೆಯ ಶಿಮ್‌ಗಳನ್ನು ತಿರಸ್ಕರಿಸಿ, ಎರಡೂ ಸಿಸ್ಟಮ್ ಇದ್ದ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಲಿನಕ್ಸ್ ಬೂಟ್ ಆಗದಂತೆ ಮಾಡಿತ್ತು. ಹಾಗಾಗಿ ಉಬುಂಟು ಕಡೆಯ ಅಪ್‌ಡೇಟ್ ಹಿಂದೆ ಬೀಳದಂತೆ ಮಗ ನೋಡಿಕೊಳ್ಳುತ್ತಾನೆ. 24.04ಕ್ಕೆ 2029ರವರೆಗೆ ಉಚಿತ ಅಪ್‌ಡೇಟ್ ಇದೆ.

ಗಡಿಯಾರದ ಒಂದು ತೊಂದರೆ ನಿಮಗೂ ಬರುತ್ತದೆ. ಉಬುಂಟು ಬಳಸಿ ವಿಂಡೋಸ್‌ಗೆ ಬಂದರೆ ಸಮಯ ಐದೂವರೆ ಗಂಟೆ ಹಿಂದಿರುತ್ತದೆ. ಯಂತ್ರದ ಗಡಿಯಾರವನ್ನು ಉಬುಂಟು ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಸಮಯ) ಅಂತ ಓದುತ್ತದೆ, ವಿಂಡೋಸ್ ನಮ್ಮ ಸಮಯ ಅಂತ ಓದುತ್ತದೆ. ರಿಟರ್ನ್ ಕಟ್ಟುವ ದಿನಗಳಲ್ಲಿ ನಾನು ಬೆಳಗಿನ ಜಾವ 4 ಗಂಟೆಗೆ ಕೂರುತ್ತೇನೆ, ಆಗ ಪರದೆ ಮೇಲೆ ಹಿಂದಿನ ದಿನದ ತಾರೀಕು ಇರುತ್ತಿತ್ತು. ಉಬುಂಟುವಿನ ಟರ್ಮಿನಲ್‌ನಲ್ಲಿ ಒಂದು ಸಾಲಿನ ಕಮಾಂಡ್ (timedatectl set-local-rtc 1) ಕೊಟ್ಟರೆ ಅದೂ ಯಂತ್ರದ ಗಡಿಯಾರವನ್ನು ನಮ್ಮ ಸಮಯ ಅಂತಲೇ ಓದುತ್ತದೆ. ಇನ್‌ಸ್ಟಾಲ್ ಆದ ದಿನವೇ ಇದನ್ನು ಮಾಡಿಬಿಡಿ.