‘ಅನ್‌ಟಚಬಲ್ ಗರ್ಲ್ಸ್’: ನಗಿಸುತ್ತಲೇ ಪಟ್ಟು ಹಿಡಿದ ಅವಳಿ ಸೋದರಿಯರು

ನ್ಯೂಜಿಲೆಂಡಿನ ವೈಕಾಟೊ ಸೀಮೆಯಲ್ಲಿ, ಹಂಟ್ಲಿ ಪಟ್ಟಣದ ಆಸುಪಾಸಿನ ಹೈನುಗಾರರ ಮನೆಯೊಂದರಲ್ಲಿ 1958ರಲ್ಲಿ ಹುಟ್ಟಿದ ಜೂಲ್ಸ್ ಮತ್ತು ಲಿಂಡಾ ಟಾಪ್ ಅವಳಿಗಳು. ಇಬ್ಬರೂ ಲೆಸ್ಬಿಯನ್ನರು. ಗಿಟಾರ್ ಹಿಡಿದು ಕಂಟ್ರಿ ಶೈಲಿಯ ಹಾಡುಗಳನ್ನು ಹಾಡುವವರು, ವೇಷ ಹಾಕಿ ನಗಿಸುವವರು, ತಮ್ಮ ನಾಡಿನ ಹಲವು ಚಳವಳಿಗಳಲ್ಲಿ ಬೀದಿಗಿಳಿದವರು. ಲಿಯಾನ್ ಪೂಲಿ ನಿರ್ದೇಶಿಸಿದ ‘ದ ಟಾಪ್ ಟ್ವಿನ್ಸ್: ಅನ್‌ಟಚಬಲ್ ಗರ್ಲ್ಸ್’ (2009) ಎಂಬ ಸಾಕ್ಷ್ಯಚಿತ್ರ ಇವರ ಮೂರು ದಶಕಗಳ ಬದುಕನ್ನು ಸುಮಾರು ಒಂದೂವರೆ ಗಂಟೆಯಲ್ಲಿ ಹೇಳುತ್ತದೆ. ಶೀರ್ಷಿಕೆಯ ಬಗ್ಗೆ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಅದು ಅವರದೇ ಹಾಡೊಂದರ ಹೆಸರು. ಅಲ್ಲಿ ಆ ಪದಕ್ಕೆ ಯಾರ ಅಂಕೆಗೂ ಸಿಗದವರು ಎಂಬ ಅರ್ಥವಿದೆ. ನಮ್ಮ ಕಿವಿಗೆ ಆ ಇಂಗ್ಲಿಷ್ ಪದ ಬೇರೆಯದೇ ಗಾಯವನ್ನು ನೆನಪಿಸುವುದರಿಂದ, ಚಿತ್ರ ಶುರುವಾದ ಮೇಲೂ ಸ್ವಲ್ಪ ಹೊತ್ತು ನಾನು ಆ ಹೆಸರಿನ ಜೊತೆ ಗುದ್ದಾಡುತ್ತಲೇ ಇದ್ದೆ.

ಚಿತ್ರದ ರಚನೆ ಸರಳವಾಗಿದೆ. ಚಿತ್ರಕ್ಕೆಂದೇ ಏರ್ಪಡಿಸಿದ ಒಂದು ಗಾಯನ ಕಾರ್ಯಕ್ರಮ ಬೆನ್ನೆಲುಬಾಗಿದ್ದು, ಹಾಡಿನಿಂದ ಹಾಡಿಗೆ ಸಾಗುವ ನಡುವೆ ಹಳೆಯ ದೃಶ್ಯ ತುಣುಕುಗಳೂ ಸಂದರ್ಶನಗಳೂ ಬಂದುಹೋಗುತ್ತವೆ. ಸಂದರ್ಶನಕ್ಕೆ ಕುಳಿತವರಲ್ಲಿ ಮಾಜಿ ಪ್ರಧಾನಿ ಹೆಲೆನ್ ಕ್ಲಾರ್ಕ್ ಇದ್ದಾರೆ, ಬ್ರಿಟನ್ನಿನ ಗಾಯಕ ಬಿಲ್ಲಿ ಬ್ರ್ಯಾಗ್ ಇದ್ದಾರೆ. ಇವರೆಲ್ಲರಿಗಿಂತ ಸೊಗಸಾಗಿ ಮಾತನಾಡುವವರು ಮಾತ್ರ ಕೆನ್ ಮತ್ತು ಕೆನ್. ಈ ಇಬ್ಬರು ನಡುವಯಸ್ಸಿನ ಗಂಡಸರು ಬೇರೆ ಯಾರೂ ಅಲ್ಲ, ಸೋದರಿಯರೇ ಹಾಕಿದ ವೇಷಗಳು. ಟಾಪ್ ಸೋದರಿಯರ ಬಗ್ಗೆ ಅಭಿಪ್ರಾಯ ಹೇಳಲು ಅವರದೇ ಪಾತ್ರಗಳನ್ನು ಕ್ಯಾಮೆರಾದ ಮುಂದೆ ಕೂರಿಸಿದ್ದು ನಿರ್ದೇಶಕಿಯ ಅತ್ಯುತ್ತಮ ಯೋಚನೆ. ಕೆನ್‌ಗಳಲ್ಲದೆ ಕ್ಯಾಂಪ್ ಮದರ್ ಮತ್ತು ಕ್ಯಾಂಪ್ ಲೀಡರ್ ಎಂಬ ಜೋಡಿಯೂ ಬರುತ್ತದೆ, ಸಿರಿವಂತಿಕೆಯ ಠೀವಿಯ ಹೆಂಗಸರೂ ಬರುತ್ತಾರೆ.

ಹೆಂಗಸರು ಗಂಡುವೇಷ ಹಾಕಿದರೆ ನಗು ಬರುವುದು ಸಹಜ. ಆದರೆ ಇಲ್ಲಿ ನಗು ಹುಟ್ಟುವುದು ಮೀಸೆ ಅಂಟಿಸಿಕೊಂಡದ್ದರಿಂದಲ್ಲ. ಕೆನ್ ನಿಲ್ಲುವ ಭಂಗಿ, ಮಾತಿಗೆ ಮುಂಚೆ ಅವನು ತೆಗೆದುಕೊಳ್ಳುವ ಸಮಯ, ಭಾವನೆಯ ವಿಷಯ ಬಂದೊಡನೆ ಪಕ್ಕಕ್ಕೆ ಸರಿಯುವ ದೃಷ್ಟಿ, ಇವೆಲ್ಲ ಕೊಟ್ಟಿಗೆಯಲ್ಲಿ ದುಡಿಯುವವರ ನಡುವೆ ಬೆಳೆದವರಿಗಷ್ಟೇ ಸಿಗುವಂಥವು. ಅಣಕವಿದೆ, ತಾತ್ಸಾರವಿಲ್ಲ. ಪಟ್ಟಣದ ಯಾವ ಹೋರಾಟಗಾರರ ಮಾತಿಗೂ ಕಿವಿಗೊಡದ ಹಳ್ಳಿಯ ರೈತರು ಇವರ ಕಾರ್ಯಕ್ರಮಕ್ಕೆ ಬಂದು ಕೂತು ನಕ್ಕದ್ದು ಈ ಕಾರಣಕ್ಕೇ ಇರಬೇಕು. ಟ್ರ್ಯಾಕ್ಟರಿಗೆ ಕ್ಯಾರವಾನ್ ಕಟ್ಟಿಕೊಂಡು ಊರೂರು ಸುತ್ತಿದ ಅವರ ಪ್ರವಾಸದ ದೃಶ್ಯಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಎದೆಯ ದನಿಯಿಂದ ತಟಕ್ಕನೆ ಮೇಲಿನ ಕಳ್ಳದನಿಗೆ ಜಿಗಿದು ಮರಳುವ ಯೋಡಲಿಂಗ್ ಎಂಬ ಗಾಯನವನ್ನು ನಾನು ಅಷ್ಟಾಗಿ ಮೆಚ್ಚಿದವನಲ್ಲ. ಇವರ ಎರಡು ದನಿಗಳು ಒಂದರೊಳಗೊಂದು ಹೆಣೆದುಕೊಂಡಾಗ ಆ ಅಸಡ್ಡೆ ಹೇಗೋ ಕರಗಿತು.

ಹೋರಾಟದ ಭಾಗ ಚಿತ್ರದ ತೂಕದ ಭಾಗ. ಆಕ್ಲೆಂಡಿನ ಬಾಸ್ಟಿಯನ್ ಪಾಯಿಂಟಿನಲ್ಲಿ ಆ ನಾಡಿನ ಮೂಲನಿವಾಸಿಗಳಾದ ಮಾವೋರಿಗಳು ತಮ್ಮ ನೆಲಕ್ಕಾಗಿ 1977–78ರಲ್ಲಿ 506 ದಿನ ನಡೆಸಿದ ಧರಣಿ, ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾದ ರಗ್ಬಿ ತಂಡ 1981ರಲ್ಲಿ ಪ್ರವಾಸ ಬಂದಾಗ ದೇಶವನ್ನೇ ಎರಡಾಗಿಸಿದ ಪ್ರತಿಭಟನೆ, ಪರಮಾಣು ಅಸ್ತ್ರಗಳ ವಿರುದ್ಧದ ಚಳವಳಿ, ಎಲ್ಲದರಲ್ಲೂ ಸೋದರಿಯರು ಗಿಟಾರಿನೊಂದಿಗೆ ಇದ್ದಾರೆ. ರಗ್ಬಿಯನ್ನು ದೇವರಂತೆ ಕಾಣುವ ನಾಡಿನಲ್ಲಿ ಹುಟ್ಟಿ ರಗ್ಬಿ ಪಂದ್ಯ ನಿಲ್ಲಿಸಲು ಹೊರಡುವುದೆಂದರೆ ಎಂಥ ಎದೆಗಾರಿಕೆ ಬೇಕು ಎಂಬುದನ್ನು ಪೊಲೀಸರು ಲಾಠಿ ಬೀಸುವ ಹಳೆಯ ದೃಶ್ಯಗಳು ಯಾವ ವಿವರಣೆಯೂ ಇಲ್ಲದೆ ತೋರಿಸುತ್ತವೆ.

ಸಲಿಂಗಕಾಮವನ್ನು ಅಪರಾಧದ ಪಟ್ಟಿಯಿಂದ ತೆಗೆದ 1986ರ ಕಾಯ್ದೆ ಅಲ್ಲಿನ ಸಂಸತ್ತಿನಲ್ಲಿ 49–44ರ ಅಂತರದಲ್ಲಿ ಅಂಗೀಕಾರವಾಯಿತು. ಹಳೆಯ ಕಾನೂನು ಶಿಕ್ಷಿಸುತ್ತಿದ್ದುದು ಗಂಡಸರನ್ನು ಮಾತ್ರ. ತಮಗೆ ನೇರವಾಗಿ ತಟ್ಟದ ಕಾನೂನಿನ ವಿರುದ್ಧ ಈ ಹೆಂಗಸರು ಹಾಡುತ್ತ ನಿಂತರೆಂಬುದನ್ನು ಚಿತ್ರ ಇನ್ನಷ್ಟು ಒತ್ತಿ ಹೇಳಬಹುದಿತ್ತು. ಆ ಕಾನೂನೂ ನಮ್ಮ ಹಿಂದಿನ ದಂಡಸಂಹಿತೆಯ 377ನೇ ಕಲಮೂ ಬ್ರಿಟಿಷರು ಬಿಟ್ಟುಹೋದ ಒಂದೇ ಬೇರಿನ ಚಿಗುರುಗಳು. ಅಲ್ಲಿ ಅದು 1986ರಲ್ಲಿ ಬಿದ್ದುಹೋಯಿತು. ಇಲ್ಲಿ ವಯಸ್ಕರ ಸಮ್ಮತಿಯ ಸಂಬಂಧಗಳನ್ನು ಸುಪ್ರೀಂ ಕೋರ್ಟ್ ಅದರ ಹಿಡಿತದಿಂದ ಬಿಡಿಸಿದ್ದು 2018ರಲ್ಲಿ.

ಕೊರತೆಗಳೂ ಇವೆ. ಚಿತ್ರ ಸೋದರಿಯರನ್ನು ವಿಪರೀತ ಪ್ರೀತಿಸುತ್ತದೆ. ಹೊಗಳುವವರ ಸಾಲಿನಲ್ಲಿ ನಾಲ್ಕನೆಯವರೋ ಐದನೆಯವರೋ ಬರುವ ಹೊತ್ತಿಗೆ, ಇವರ ರಾಜಕೀಯವನ್ನು ಒಪ್ಪದೆಯೂ ಹಾಸ್ಯಕ್ಕೆ ಟಿಕೆಟ್ ಕೊಂಡ ಒಬ್ಬ ಪ್ರೇಕ್ಷಕನನ್ನಾದರೂ ಮಾತನಾಡಿಸಬಾರದಿತ್ತೇ ಎನಿಸುತ್ತದೆ. ಟೊರಾಂಟೊ ಚಿತ್ರೋತ್ಸವದಲ್ಲಿ 2009ರಲ್ಲಿ ಪ್ರೇಕ್ಷಕರೇ ಆರಿಸುವ ಸಾಕ್ಷ್ಯಚಿತ್ರ ಪ್ರಶಸ್ತಿ ಇದಕ್ಕೆ ಬಂತು. ಮೆಚ್ಚಿಸುವ ಗುಣ ಅದಕ್ಕೆ ಧಾರಾಳವಾಗಿದೆ, ಕೆಣಕುವ ಗುಣ ಕಡಿಮೆ. ತಂದೆತಾಯಿ ಕಾಣಿಸಿಕೊಳ್ಳುವ ಭಾಗವನ್ನು ಮಾತ್ರ ಇನ್ನೂ ಬಹಳ ಹೊತ್ತು ನೋಡುತ್ತ ಕೂರಬಹುದಿತ್ತು.

ಜೂಲ್ಸ್‌ಗೆ 2006ರಲ್ಲಿ ಸ್ತನ ಕ್ಯಾನ್ಸರ್ ಇರುವುದು ಪತ್ತೆಯಾದ ಸಂಗತಿ ಚಿತ್ರದ ಕೊನೆಯ ಭಾಗವನ್ನು ಆವರಿಸಿದೆ. ಇಲ್ಲಿ ಕಣ್ಣೀರು ಹಿಂಡುವುದು ಸುಲಭವಿತ್ತು, ನಿರ್ದೇಶಕಿ ಆ ಕೆಲಸಕ್ಕೆ ಕೈಹಾಕಿಲ್ಲ. ಹುಟ್ಟಿದಂದಿನಿಂದ ಜೋಡಿಯಾಗಿಯೇ ಹಾಡಿದವರಲ್ಲಿ ಒಬ್ಬಳ ದನಿ ಇಲ್ಲವಾಗಬಹುದು ಎಂಬ ಭಯವನ್ನು ಇಬ್ಬರೂ ಆಡಂಬರವಿಲ್ಲದೆ ಹೇಳಿಕೊಳ್ಳುತ್ತಾರೆ. ಅದಾದ ಮೇಲೆ ಮತ್ತೆ ವೇದಿಕೆಯ ಹಾಡು ಬಂದಾಗ, ಮೊದಲು ಬರೀ ತಮಾಷೆಯಾಗಿ ಕೇಳಿಸಿದ್ದ ಆ ಯೋಡಲಿಂಗನ್ನೇ ಉಸಿರು ಬಿಗಿಹಿಡಿದು ಕೇಳಿದೆ.