ಚೀಟಿಯಲ್ಲಿ ಬರೆದದ್ದು ಒಂದು, ಅಂಗಡಿಯವರು ಕೊಟ್ಟದ್ದು ಇನ್ನೊಂದು

ಮನೆಯಲ್ಲಿ ಯಾರಾದರೂ ಕೊಲೆಸ್ಟ್ರಾಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಅದರಲ್ಲೂ ಸ್ಟಾಟಿನ್ ಎಂಬ ಬಗೆಯ ಮಾತ್ರೆ ಒಗ್ಗದೆ ಬೇರೆ ಮಾತ್ರೆಗೆ ಬದಲಾಯಿಸಿದ್ದರೆ, ದಯವಿಟ್ಟು ಇದನ್ನು ಓದಿ. ಶಿವಮೊಗ್ಗದ ಒಂದು ಔಷಧಿ ಅಂಗಡಿ ನಮ್ಮ ಅಪ್ಪಯ್ಯನಿಗೆ ಮಾಡಿದ್ದು ಇನ್ಯಾರಿಗೂ ಆಗಬಾರದು.

ಅಪ್ಪಯ್ಯನಿಗೆ ಅಟೋರ್ವಾಸ್ಟಾಟಿನ್ ಎಂಬ ಸ್ಟಾಟಿನ್‌ನಿಂದ ತೊಡೆ, ಮೀನಖಂಡಗಳಲ್ಲಿ ವಿಪರೀತ ನೋವು ಬಂದಿತ್ತು. ಸ್ನಾಯುಗಳಿಗೆ ಹಾನಿಯಾದಾಗ ರಕ್ತದಲ್ಲಿ ಹೆಚ್ಚುವ ಸಿ.ಕೆ. ಎಂಬ ಕಿಣ್ವದ ಪ್ರಮಾಣವೂ ಏರಿತ್ತು. ಹೃದಯ ತಜ್ಞರು ಅದನ್ನು ನಿಲ್ಲಿಸಿ ಎಜೆಟಿಮೈಬ್ 10 ಮಿ.ಗ್ರಾಂ. ಮಾತ್ರ ಬರೆದರು. ಸ್ಟಾಟಿನ್ ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಾಗುವುದನ್ನೇ ತಡೆಯುತ್ತದೆ. ಎಜೆಟಿಮೈಬ್ ಸಣ್ಣ ಕರುಳಿನಲ್ಲಿ ಅದು ಹೀರಿಕೆಯಾಗುವುದನ್ನು ತಡೆಯುತ್ತದೆ. ಇದರಿಂದ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಇಳಿಯುವುದು ಸುಮಾರು ಶೇ. 18ರಷ್ಟೇ, ಆದರೆ ಇವರಿಗೆ ಸದ್ಯ ಇದೇ ಸರಿ ಎಂದು ವೈದ್ಯರು ವಿವರಿಸಿದ್ದರು. ಚೀಟಿಯ ಮೇಲೆ ‘ಸ್ಟಾಟಿನ್ ಕೊಡಬಾರದು’ ಎಂದು ಬರೆದು ಅಡಿಗೆರೆಯನ್ನೂ ಎಳೆದಿದ್ದರು. ಅಡಿಗೆರೆ!

ಅಂಗಡಿಯಾತ ಚೀಟಿ ನೋಡಿ ಒಳಗೆ ಹೋಗಿ ಮಾತ್ರೆಯ ಒಂದು ಪಟ್ಟಿ (ಸ್ಟ್ರಿಪ್) ತಂದ. ಹೆಸರು ಬೇರೆ ಇದೆಯಲ್ಲ ಎಂದು ನಾನು ಕೇಳಿದೆ. ಕೇಳಿಯೇ ಕೇಳಿದೆ. “ಡಾಕ್ಟರ್ ಬರೆದದ್ದೇ ಮೇಡಂ, ಕಂಪನಿ ಮಾತ್ರ ಬೇರೆ” ಎಂದು ಪಟ್ಟಿಯ ಹಿಂಬದಿ ತಿರುಗಿಸಿ, “ಇಲ್ಲಿ ನೋಡಿ, ಎಜೆಟಿಮೈಬ್ 10” ಎಂದು ತೋರಿಸಿದ. ಅದರ ಮೇಲಿನ ಸಾಲು ಅವನ ಹೆಬ್ಬೆರಳ ಅಡಿಯಲ್ಲಿತ್ತು. ಆ ಸಾಲಿನಲ್ಲಿ ಇದ್ದದ್ದು ರೋಸುವಾಸ್ಟಾಟಿನ್ 10 ಮಿ.ಗ್ರಾಂ. ಯಾವುದು ಬೇಡವೆಂದು ವೈದ್ಯರು ಬರೆದಿದ್ದರೋ ಅದೇ! ಆ ಹೆಬ್ಬೆರಳು ನೆನಪಾದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ನೋವು ಮತ್ತೆ ಶುರುವಾಯಿತು. ಅಡಿಕೆ ಕೊಯ್ಲಿನ ಕಾಲ, ತೋಟದಲ್ಲಿ ದುಡಿದದ್ದಕ್ಕೆ ಎಂದು ಮನೆಯಲ್ಲಿ ಎಲ್ಲರೂ ಅಂದುಕೊಂಡರು. ಅಪ್ಪಯ್ಯ ಎಣ್ಣೆ ತಿಕ್ಕಿಕೊಂಡು ಸುಮ್ಮನೆ ಸಹಿಸಿದರು. ಕೊನೆಗೆ ಜಗುಲಿಯ ಮೆಟ್ಟಿಲು ಹತ್ತಲಾರದೆ ಕಂಬ ಹಿಡಿದು ನಿಂತರು. ಹೊಸನಗರದ ಕಡೆಯಿಂದ ಮತ್ತೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋದರೆ, ವೈದ್ಯರು ಪಟ್ಟಿ ನೋಡಿ, “ಬೇಡವೆಂದು ಬರೆದಿದ್ದೆನಲ್ಲ, ಇದನ್ನು ಯಾರು ಕೊಟ್ಟರು?” ಎಂದು ಗದರಿದರು. ಬಾಗಿಲು ತೆರೆದಿತ್ತು, ಹೊರಗೆ ಕುಳಿತವರೆಲ್ಲ ನಮ್ಮತ್ತ ನೋಡಿದರು. ಅಪ್ಪಯ್ಯ ತಲೆ ತಗ್ಗಿಸಿದರು. ತಪ್ಪು ಯಾರದ್ದು, ತಲೆ ತಗ್ಗಿಸಿದವರು ಯಾರು!

ಅಲ್ಲಿಂದ ನೇರ ಅಂಗಡಿಗೆ ಹೋದೆ. ಮೊದಲ ಉತ್ತರ: “ಇದರಲ್ಲಿ ಎಜೆಟಿಮೈಬ್ ಇದೆಯಲ್ಲ ಮೇಡಂ.” ಸ್ಟಾಟಿನ್ ಕೂಡ ಇದೆಯಲ್ಲ ಎಂದರೆ, “ಹಾಗಾದರೆ ಇನ್ನೂ ಪವರ್ ಇರುವುದನ್ನೇ ಕೊಟ್ಟಿದ್ದೇವೆ.” ಚೀಟಿಯ ಅಡಿಗೆರೆ ತೋರಿಸಿದರೆ, “ನೀವು ಮೊಬೈಲ್‌ನಲ್ಲಿ ಏನೇನೋ ಓದಿಕೊಂಡು ಬಂದು ಜಗಳ ಮಾಡುತ್ತೀರಿ.” ಮೊಬೈಲ್ ಎಲ್ಲಿಂದ ಬಂತು? ವೈದ್ಯರ ಕೈಬರಹ ಅವನ ಕಣ್ಣೆದುರೇ ಇತ್ತು. ಬಿಲ್ ಎಲ್ಲಿ ಎಂದು ಅವನೇ ನನ್ನನ್ನು ಕೇಳಿದ. ಆವತ್ತು ಅವನು ಕೊಟ್ಟದ್ದು ಮೊತ್ತ ಗೀಚಿದ ಒಂದು ತುಂಡು ಕಾಗದ. ಫಾರ್ಮಾಸಿಸ್ಟ್ ಎಲ್ಲಿ ಎಂದರೆ ಊಟಕ್ಕೆ ಹೋಗಿದ್ದಾರಂತೆ. ಗೋಡೆಯ ಮೇಲಿನ ಪ್ರಮಾಣಪತ್ರದಲ್ಲಿರುವ ಆ ವ್ಯಕ್ತಿಯನ್ನು ನಾನು ಅಲ್ಲಿ ಒಮ್ಮೆಯೂ ಕಂಡಿಲ್ಲ.

1945ರ ಔಷಧ ನಿಯಮಾವಳಿಯ 65ನೇ ನಿಯಮ ಸ್ಪಷ್ಟವಾಗಿದೆ: ಶೆಡ್ಯೂಲ್ ಎಚ್ ಔಷಧಿಗೆ (ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿಗೆ) ಚೀಟಿ ತಂದವರಿಗೆ ಅಂಗಡಿಯವರು ತಾವಾಗಿಯೇ ಬದಲಿ ಔಷಧಿ ಕೊಡುವಂತಿಲ್ಲ, ಅದರಲ್ಲಿ ಅದೇ ಅಂಶವಿದ್ದರೂ ಸರಿ. ಸ್ಟಾಕ್ ಇಲ್ಲದಿದ್ದರೆ ಇಲ್ಲ ಎಂದು ಹೇಳಬೇಕಿತ್ತು, ಅಷ್ಟೇ. ನಾವು ಪಕ್ಕದ ಅಂಗಡಿಗೆ ಹೋಗುತ್ತಿದ್ದೆವು.

ಚೀಟಿ ಮತ್ತು ಪಟ್ಟಿಯ ಚಿತ್ರ ಸೇರಿಸಿ ಔಷಧ ನಿಯಂತ್ರಣ ಇಲಾಖೆಗೆ ದೂರು ಬರೆದಿದ್ದೇನೆ. ಅದಾದ ಮೇಲೆ ಮಾಲೀಕರು ಫೋನ್ ಮಾಡಿ, “ದೂರು ವಾಪಸ್ ತೆಗೆದುಕೊಳ್ಳಿ, ಮುಂದಿನ ಸಲ ರಿಯಾಯಿತಿ ಕೊಡುತ್ತೇವೆ” ಎಂದರು. ಅಪ್ಪಯ್ಯನ ಕಾಲು ಹೇಗಿದೆ ಎಂದು ಒಂದು ಮಾತು ಕೇಳಲಿಲ್ಲ. ದೂರನ್ನು ನಾನು ವಾಪಸ್ ತೆಗೆದುಕೊಳ್ಳುವುದಿಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಪಟ್ಟಿಯನ್ನು ನಿಮ್ಮ ಕೈಯಲ್ಲೇ ಹಿಡಿದು ಪೂರ್ತಿ ಓದಿ. ‘ಸ್ಟಾಟಿನ್’ ಎಂದು ಮುಗಿಯುವ ಹೆಸರು ಬೇರೊಂದರ ಜೊತೆ ಸೇರಿಕೊಂಡಿರಬಹುದು. ಮುದ್ರಿತ ಬಿಲ್ ಇಲ್ಲದೆ ಹಣ ಕೊಡಬೇಡಿ. ಸ್ಟಾಟಿನ್ ತೆಗೆದುಕೊಳ್ಳುವವರಿಗೆ ಸ್ನಾಯು ನೋವಿನ ಜೊತೆ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ, ಮಾತ್ರೆಯ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ.