ಮೂನ್‌ಫ್ಲವರ್ ಬೀಜ ತರಿಸುವ ಮುಂಚೆ ಒಮ್ಮೆ ಇದನ್ನು ಓದಿ

ಸಂಜೆ ಅರಳುವ ಹೂವೆಂದರೆ ನನಗೆ ಮೊದಲಿಂದಲೂ ಆಸೆ. ಮೈಸೂರಿನ ಕುವೆಂಪುನಗರದ ನಮ್ಮ ಟೆರೇಸಿನಲ್ಲಿ ಸಂಜೆಮಲ್ಲಿಗೆ, ಸುಗಂಧರಾಜ ಎರಡೂ ಇವೆ. ಜೊತೆಗೊಂದು ಮೂನ್‌ಫ್ಲವರ್ ಬಳ್ಳಿಯೂ ಇರಲಿ ಅಂತ ಆನ್‌ಲೈನಲ್ಲಿ ಬೀಜ ತರಿಸಿದೆ.

ಬಂದ ಬೀಜ ಚಪ್ಪಟೆಯಾಗಿ, ಕಂದು ಬಣ್ಣಕ್ಕೆ, ಥೇಟ್ ಮೆಣಸಿನಕಾಯಿ ಬೀಜದ ಹಾಗಿತ್ತು. ರಾತ್ರಿಯಿಡೀ ನೆನೆಸಿ ಬಿತ್ತಿದೆ. ಮೊಳಕೆ ಬಂತು, ಗಿಡ ಮೊಣಕಾಲೆತ್ತರ ಪೊದೆಯಾಯಿತು. ಬಳ್ಳಿ ಹಬ್ಬಲಿ ಎಂದು ಕಟ್ಟಿದ್ದ ದಾರ ಮಾತ್ರ ಹಾಗೇ ಖಾಲಿ ನಿಂತಿತ್ತು. ಆಗಲೂ ನನಗೆ ಅನುಮಾನ ಬರಲಿಲ್ಲ.

ಒಂದು ಬೆಳಗ್ಗೆ ಕುಡಿ ಚಿವುಟಿದೆ. ಎಲೆಗೆ ಕೆಟ್ಟ ವಾಸನೆ. ಬೆವರು ಇಳಿಯುತ್ತಿತ್ತು, ಅದೇ ಕೈಯಲ್ಲಿ ಬಲಗಣ್ಣು ಒರೆಸಿಕೊಂಡೆ. ಮಧ್ಯಾಹ್ನ ಪೇಪರ್ ಹಿಡಿದರೆ ಅಕ್ಷರವೆಲ್ಲ ಮಂಜು. ಕನ್ನಡಿ ನೋಡಿಕೊಂಡೆ. ಬಲಗಣ್ಣಿನ ಪಾಪೆ ಹಿಗ್ಗಿ ಕಣ್ಣೆಲ್ಲ ಕಪ್ಪಾಗಿತ್ತು, ಎಡಗಣ್ಣು ಎಂದಿನಂತೆಯೇ ಇತ್ತು. ಮಿದುಳಿಗೇ ಏನೋ ಆಗಿದೆ ಅಂತ ಕೈಕಾಲು ನಡುಗಿ ಹೋಯಿತು.

ಕಣ್ಣಿನ ಡಾಕ್ಟರು ಪಾಪೆ ಕುಗ್ಗಿಸುವ ಡ್ರಾಪ್ಸ್ ಹಾಕಿ ಕಾದರು. ಕುಗ್ಗಲಿಲ್ಲ. "ಇದು ನರದ ತೊಂದರೆ ಅಲ್ಲಮ್ಮ, ಯಾವುದೋ ಔಷಧಿಯೋ ಗಿಡವೋ ತಾಗಿದೆ. ಇವತ್ತು ಏನು ಮುಟ್ಟಿದ್ರಿ?" ಎಂದರು. ಮೊಬೈಲಿನಲ್ಲಿದ್ದ ಗಿಡದ ಫೋಟೋ ತೋರಿಸಿದೆ. ರಾತ್ರಿ ಅದನ್ನೇ ಮದ್ದೂರಿನಲ್ಲಿರುವ ಅಮ್ಮನಿಗೂ ಕಳಿಸಿದೆ. "ಅಯ್ಯೋ, ಇದು ಉಮ್ಮತ್ತಿ ಕಣೇ! ಮನೆ ಒಳಗೆ ಯಾಕೆ ತಂದ್ಕೊಂಡೆ?" ಅಂದರು. ಶಿವರಾತ್ರಿಯಲ್ಲಿ ಶಿವನಿಗೆ ಏರಿಸುವ ಹೂವು ನೋಡಿದ್ದೆನೇ ಹೊರತು ಎಳೆ ಗಿಡ ಗೊತ್ತಿರಲಿಲ್ಲ. ಕಣ್ಣು ಸರಿಹೋಗಲು ನಾಲ್ಕು ದಿನ ಹಿಡಿಯಿತು.

ಮೂನ್‌ಫ್ಲವರ್ ಅನ್ನುವ ಹೆಸರು ಎರಡು ಗಿಡಕ್ಕೂ ಇದೆ. ನಾವು ಹುಡುಕುವ ಬಳ್ಳಿ ಐಪೋಮಿಯಾ ಆಲ್ಬಾ. ಅದರ ಬೀಜ ಕಡಲೆಕಾಳಿನಷ್ಟು ದಪ್ಪ, ಗಟ್ಟಿ. ಸಿಪ್ಪೆಯನ್ನು ಸ್ವಲ್ಪ ಉಜ್ಜಿ ನೆನೆಸದಿದ್ದರೆ ಮೊಳೆಯುವುದು ಕಷ್ಟ. ಮೊಳೆತಾಗ ಮೊದಲ ಎರಡು ಎಲೆ ತುದಿಯಲ್ಲಿ ಸೀಳಿ ಇಬ್ಭಾಗವಾಗಿರುತ್ತವೆ, ಆಮೇಲೆ ಬರುವ ಎಲೆ ಹೃದಯದ ಆಕಾರ. ಉಮ್ಮತ್ತಿಯ ಮೊದಲ ಎಲೆಗಳು ಸೀಳಿಲ್ಲದೆ ಉದ್ದಕ್ಕೆ, ಕಿರಿದಾಗಿರುತ್ತವೆ. ಕಾಯಿಗೆ ಮುಳ್ಳಿರುತ್ತದೆ.

ಉಮ್ಮತ್ತಿಯ ಎಲೆ, ಹೂವು, ಬೀಜ ಎಲ್ಲದರಲ್ಲೂ ಅಟ್ರೋಪಿನ್, ಸ್ಕೋಪೊಲಮಿನ್ ಎಂಬ ವಿಷಗಳಿವೆ, ನನ್ನ ಪಾಪೆ ಹಿಗ್ಗಿಸಿದ್ದೂ ಇವೇ. ಬೀಜ ಹೊಟ್ಟೆಗೆ ಹೋದರೆ ಬಾಯಿ ಒಣಗುತ್ತದೆ, ಮೈ ಸುಡುತ್ತದೆ, ಮಾತು ತಪ್ಪುತ್ತದೆ, ಜೀವಕ್ಕೂ ಕುತ್ತು. ಪಕ್ಕದ ಮನೆಯ ನಾಲ್ಕು ವರ್ಷದ ಮಗು ದಿನಾ ಸಂಜೆ ನಮ್ಮ ಟೆರೇಸಿಗೆ ಬರುತ್ತದೆ. ಕಾಯಿ ಕಟ್ಟುವವರೆಗೂ ಗಿಡ ಬಿಟ್ಟಿದ್ದರೆ ಏನಾಗುತ್ತಿತ್ತೋ, ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ. ಯಾರಾದರೂ ತಿಂದರೆ ಮನೆಮದ್ದು ಅಂತ ಕಾಯಬೇಡಿ, ಗಿಡದ ಒಂದು ತುಂಡು ಹಿಡಿದುಕೊಂಡು ಸೀದಾ ಆಸ್ಪತ್ರೆಗೆ ಓಡಿ. ಅಂದಹಾಗೆ, ಕಾಳುಮೆಣಸಿನಂತೆ ಕಾಣುವ ಸಂಜೆಮಲ್ಲಿಗೆ ಬೀಜವೂ ವಿಷವೇ. ಮಕ್ಕಳಿರುವ ಮನೆಯಲ್ಲಿ ಉದುರಿದ್ದನ್ನು ದಿನಾ ಗುಡಿಸಿ.

ಮಾರಿದವರಿಗೆ ದೂರು ಕೊಟ್ಟೆ. "ಇದೂ ಮೂನ್‌ಫ್ಲವರೇ" ಎಂಬ ಉತ್ತರ ಬಂತು. ಪೊಟ್ಟಣದ ಮೇಲೆ ಬೇರೆ ಹೆಸರೇ ಇರಲಿಲ್ಲ. ಬಟಾನಿಕಲ್ ಹೆಸರು ಬರೆಯದವರ ಹತ್ತಿರ ಬೀಜ ಕೊಳ್ಳಬೇಡಿ.

ಗಿಡಗಳನ್ನು ಗ್ಲೌಸ್ ಹಾಕಿಕೊಂಡು ಬೇರುಸಹಿತ ಕಿತ್ತೆ. ಸುಡಲಿಲ್ಲ, ಹೊಗೆಯೂ ಒಳ್ಳೆಯದಲ್ಲ. ಬೀದಿ ಹಸುಗಳ ಬಾಯಿಗೆ ಸಿಗದಂತೆ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಕಸದ ಗಾಡಿಯವರಿಗೆ ವಿಷದ ಗಿಡ ಅಂತ ಹೇಳಿಯೇ ಕೊಟ್ಟೆ.